ಚಾಕುವಿನ ನಡೆ-ನುಡಿ

ನನ್ನ ಸಂಗ್ರಹದ ಮೊದಲ ಮಡಚುವ ಚಾಕುವೇ ಖೊಟ್ಟಿ. ಡಮಾಸ್ಕಸ್ ಉಕ್ಕು, ಅಂದರೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು, ಅಂತ ಹೇಳಿ ಮಾರಿದ್ದರು. ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ, ನೋಡಿದ ಕೂಡಲೇ ಮರುಳಾದೆ. ಬೆಳಗಾವಿಯ ಉದ್ಯಮಬಾಗದ ಟೂಲ್‌ರೂಮಿನಲ್ಲಿ ವರ್ಷಗಟ್ಟಲೆ ಉಕ್ಕು ತಿಕ್ಕಿದವನು ನಾನು, ಆದರೂ ಮೋಸಹೋದೆ. ಒಂದು ಗೀರು ತೆಗೆಯಲು ಎಮರಿ ಪೇಪರ್ ಹಿಡಿದಾಗ ಗೆರೆ ಮಾಯ. ತಿಕ್ಕಿದರೆ ಅಸಲಿಯಲ್ಲೂ ಅದು ಮಸುಕಾಗುತ್ತದೆ ಬಿಡಿ. ಆದರೆ ಸರ್ಕಿಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಮರಳಿ ಮೂಡಬೇಕು: ನಿಕಲ್ ಇರುವ ಪದರ ಬೆಳ್ಳಗೆ ಉಳಿದು ಪಕ್ಕದ್ದು ಕಪ್ಪಾಗುತ್ತದೆ. ನನ್ನದು ಇಡಿಯಾಗಿ ಬೂದಿ ಬಣ್ಣಕ್ಕೆ ತಿರುಗಿತು.

ಪರಿಚಯದ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಹಗಲೆಲ್ಲ ಲೇತಿನ ಮುಂದೆ ನಿಲ್ಲುವ ಅವರು ಸಂಜೆ ಮನೆಯ ಹಿತ್ತಲ ಶೆಡ್ಡಿನಲ್ಲಿ ಚಾಕು ಮಾಡುತ್ತಾರೆ. ಅಲಗಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತೆರೆದು, ಎಡಕ್ಕೆ ಬಲಕ್ಕೆ ಅಲುಗಿಸಿ, ವಾಪಸ್ ಕೊಟ್ಟರು. “ಅಲಗ ಯಾರರೆ ಮಾಡ್ತಾರ್ರೀ ಸರ. ನೀವು ಕೀಲ ನೋಡ್ರಿ, ಕೀಲ.”

ಅಂದಿನಿಂದ ನಾನು ಕೀಲು ನೋಡಲು ಕಲಿತೆ. ಲಾಕ್ ಇಲ್ಲದ ಹಳೇ ಮಾದರಿಯಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಒಂದೇ. ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಸ್ಪ್ರಿಂಗಿಗೂ ಹಿತ್ತಾಳೆಯ ಒಳಪಟ್ಟಿಗೂ ನಡುವೆ ಬೆಳಕು ಇಣುಕಬಾರದು. ಬೆನ್ನ ಮೇಲೆ ಉಗುರು ಎಳೆದರೆ, ಚಾಕು ತೆರೆದಿರಲಿ ಮುಚ್ಚಿರಲಿ, ಎಲ್ಲೂ ತಡೆಯಬಾರದು. ಮಡಚಿದಾಗ ಅಲಗು ಎರಡೂ ಬದಿಗೆ ಸೋಕದೆ ನಟ್ಟನಡುವೆ ಇಳಿಯಬೇಕು. ಕಡೆಗೆ ಕಿವಿಯ ಹತ್ತಿರ ಹಿಡಿದು ತೆರೆಯುತ್ತೇನೆ. ಮೊದಮೊದಲು ಒಂದೇ ಬಿಗಿಯಲ್ಲಿ ಸರಿದು, ತುದಿಗೆ ‘ಟಕ್’ ಅನ್ನಬೇಕು. ಹೊರದೇಶದ ಸಂಗ್ರಾಹಕರು ಇದನ್ನೇ ‘ವಾಕ್ ಅಂಡ್ ಟಾಕ್’ ಅನ್ನುತ್ತಾರೆ. ನಮಗೆ ನಡೆ-ನುಡಿ ಅಂದರೆ ಸಾಕು.

ಮಿಸ್ತ್ರಿ ನನಗೆ ಮಾಡಿಕೊಟ್ಟ ಮೊದಲನೆಯದರ ಅಲಗು ಇಎನ್-31, ಅಂದರೆ ಬೇರಿಂಗಿನ ಉಕ್ಕು. ಶೇಕಡಾ 1ರಷ್ಟು ಕಾರ್ಬನ್, ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 59ಕ್ಕೆ ಹದ ಮಾಡಿದ್ದು. ಸ್ಪ್ರಿಂಗ್ ಮಾತ್ರ 46ಕ್ಕೆ, ಅಲಗಿನಷ್ಟೇ ಗಡಸಾದರೆ ಅದು ಬಾಗುವ ಬದಲು ಮುರಿಯುತ್ತದೆ. ಹಿಡಿಗೆ ಎಮ್ಮೆ ಕೊಂಬು. ಕೊಂಬು ಒಣಗಿದಂತೆ ಕುಗ್ಗುತ್ತದೆ, ರಿವಿಟಿನ ಹತ್ತಿರ ಸೀಳುತ್ತದೆ ಅಂತ ಅವರು ಮೊದಲೇ ಎಚ್ಚರಿಸಿದ್ದರು. ನನಗೆ ಆ ಹೊಳಪೇ ಬೇಕಿತ್ತು. ಎರಡನೇ ಬೇಸಿಗೆಗೆ ಸೀಳಿತು.

ನನ್ನ ಕೈಯಾರೆ ಕೆಡಿಸಿದ್ದೂ ಇದೆ. ಚೆಂದ ಕಾಣಲೆಂದು ಎರಡು ಚಾಕುಗಳನ್ನು ಚರ್ಮದ ಚೀಲದಲ್ಲೇ ಇಟ್ಟು ಮಳೆಗಾಲ ಕಳೆದೆ. ಬೆಳಗಾವಿಯ ಜುಲೈ ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಚರ್ಮ ಥಂಡಿ ಹೀರಿ ಕೂತಿತ್ತು. ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಬುದ್ಧಿ ಬಂತೆಂದು ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಡಿಸೆಂಬರಿನ ಒಂದು ಮುಂಜಾನೆ ಚಾಕು ತೆರೆಯಲೊಲ್ಲದು! ಸ್ಪ್ರಿಂಗೇ ಕೆಟ್ಟಿತೆಂದು ಗಾಬರಿಯಾದೆ. ನೋಡಿದರೆ ಅಡುಗೆಮನೆಯ ಡಬ್ಬಿಯಲ್ಲಿದ್ದ ಎಣ್ಣೆಯ ಹಾಗೆ ಕೀಲಿನಲ್ಲಿದ್ದದ್ದೂ ಹೆಪ್ಪುಗಟ್ಟಿತ್ತು. ಕೊಬ್ಬರಿ ಎಣ್ಣೆಗೆ 24 ಡಿಗ್ರಿಯ ಕೆಳಗಿಳಿದರೆ ಸಾಕು. ಈಗ ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ. ಚಾಕುಗಳು ಸ್ಟೀಲ್ ಡಬ್ಬಿಯಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ.

“ಇವನ್ನೆಲ್ಲ ಮನ್ಯಾಗ ಇಟ್ಕೊಂಡ್ರ ಪೊಲೀಸ್ರು ಬರೂದಿಲ್ಲೇನ್ರೀ?” ಅಂತ ಮನೆಯವರು ಆಗಾಗ ಕೇಳುತ್ತಾರೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಅಲಗಿಗೆ ಹೇಳಿರುವ ಅಳತೆ 9 ಇಂಚು ಉದ್ದ, 2 ಇಂಚು ಅಗಲ. ನನ್ನವು ಯಾವುವೂ ಮೂರೂವರೆ ಇಂಚು ದಾಟಿಲ್ಲ. ಗುಂಡಿ ಒತ್ತಿದರೆ ಚಿಮ್ಮುವಂಥದ್ದನ್ನು ನಾನು ಮುಟ್ಟುವುದೇ ಇಲ್ಲ. ಆದರೂ ಸಂತೆಗೋ ಜಾತ್ರೆಗೋ ಜೇಬಿನಲ್ಲಿ ಹಾಕಿಕೊಂಡು ಹೋಗುವುದಿಲ್ಲ.

ಬೀಟೆಯ ಹಿಡಿಯ ಇನ್ನೊಂದಕ್ಕೆ ದೀಪಾವಳಿಗೇ ಮಿಸ್ತ್ರಿಗೆ ಮುಂಗಡ ಕೊಟ್ಟಿದ್ದೇನೆ. ಮೊನ್ನೆ ಶೆಡ್ಡಿಗೆ ಹೋದಾಗ ಅರೆಬರೆ ಜೋಡಿಸಿದ್ದನ್ನು ಕೈಗಿತ್ತರು. ತೆರೆದು ನೋಡಿದೆ, ಚೆನ್ನಾಗಿಯೇ ಇತ್ತು. ಅವರು ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದರು: “ಇನ್ನೂ ಮಾತಾಡವಲ್ತರೀ. ಮುಂದಿನ ತಿಂಗಳ ಬರ್ರಿ.”