ಕುಂಡದಲ್ಲಿ ತರಕಾರಿ: ಮೊದಲು ನೀರಿಗೆ ದಾರಿ ಬಿಡಿ

ಪ್ರತಿ ವರ್ಷ ಜುಲೈ ಮುಗಿಯುವ ಹೊತ್ತಿಗೆ ನಮ್ಮ ಬೀದಿಯ ನಾಲ್ಕಾರು ಮನೆಗಳ ಪಕ್ಕದ ಓಣಿಯಲ್ಲಿ ಒಂದೇ ನೋಟ. ಮೇ ತಿಂಗಳಲ್ಲಿ ಆಸೆಪಟ್ಟು ತಂದಿಟ್ಟ ಕುಂಡಗಳ ಸಾಲು. ಅದರಲ್ಲಿ ಹಳದಿಗೆ ತಿರುಗಿದ ಬೆಂಡೆ, ಬುಡ ಕೊಳೆತು ವಾಲಿದ ಮೆಣಸಿನ ಗಿಡ, ಮಣ್ಣಿನ ಮೇಲೆ ಪಾಚಿ. "ಎಷ್ಟು ಗೊಬ್ಬರ ಹಾಕಿದ್ರೂ ಏಳ್ತಾನೇ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ಗೊಬ್ಬರ ಸಾಲದೆ ಸತ್ತ ಗಿಡಗಳನ್ನು ನಾನು ನೋಡಿದ್ದು ಕಡಿಮೆ. ಬೇರಿಗೆ ಉಸಿರು ಕಟ್ಟಿ ಸತ್ತವೇ ಹೆಚ್ಚು.

ಕುಂಡದ ಕೃಷಿಯ ಬಗ್ಗೆ ಕೇಳಿಬರುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ತಾರಸಿಗೆ ಹೇಳಿದ್ದು. ಅಲ್ಲಿ ಮಣ್ಣು ಒಣಗುತ್ತದೆ, ಆದ್ದರಿಂದ ನೀರು ಹಿಡಿದಿಡುವ ಉಪಾಯ ಬೇಕು. ನಮ್ಮ ಮಲೆನಾಡು ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ, ಆದರೂ ಜಡಿಮಳೆ ಹಿಡಿದರೆ ವಾರಗಟ್ಟಲೆ ಕುಂಡದ ಮಣ್ಣು ಆರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಬೇಕಾದದ್ದು ನೀರು ಹೊರಗೆ ಹೋಗುವ ಉಪಾಯ.

ಮೊದಲು ಜಾಗ, ಜೊತೆಗೆ ಪಕ್ಕದ ಮನೆ

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ನಮಗೆ ಉಳಿಯುವುದು ಕಾಂಪೌಂಡ್ ಪಕ್ಕದ ಮೂರಡಿ ಓಣಿ. ಅದರ ಒಂದು ಬದಿ ನಮ್ಮದು, ಇನ್ನೊಂದು ಬದಿ ಇಬ್ಬರಿಗೂ ಸೇರಿದ ಗೋಡೆ. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆರು ಗಂಟೆ ಬಿಸಿಲಿದ್ದರೆ ಬೆಂಡೆ, ಬದನೆ, ಮೆಣಸು. ಮೂರು ನಾಲ್ಕು ಗಂಟೆ ಮಾತ್ರ ಅಂದರೆ ಹರಿವೆ, ಬಸಳೆ, ಒಂದೆಲಗ, ಕೆಸು. ಅದಕ್ಕಿಂತ ಕಡಿಮೆ ಇದ್ದರೆ ತರಕಾರಿಯ ಆಸೆ ಬಿಟ್ಟು ದೊಡ್ಡಪತ್ರೆ ಇಡಿ.

ಕುಂಡವನ್ನು ಗೋಡೆಗೆ ಒತ್ತಿ ಇಡಬೇಡಿ. ಕನಿಷ್ಠ ಒಂದು ಗೇಣು ಬಿಡಿ, ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ನಾನು ಮೊದಲ ವರ್ಷ ಒತ್ತಿಟ್ಟಿದ್ದೆ. ಆಶ್ಲೇಷ ಮಳೆಯ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ಕರೆದರು. "ಸ್ವಲ್ಪ ಈ ಕಡೆ ಬಂದು ನೋಡಿ" ಎಂದರು, ಅಷ್ಟೇ. ನನ್ನ ಒಂಬತ್ತು ಕುಂಡ ಇದ್ದಲ್ಲೆಲ್ಲ ಅವರ ಬದಿಯ ಸುಣ್ಣ ಉಬ್ಬಿ, ಒಂಬತ್ತು ಕಪ್ಪು ಕಲೆಗಳು ಎದ್ದಿದ್ದವು. ಗೋಡೆಗೆ ಬಣ್ಣ ಹೊಡೆಸಿಕೊಟ್ಟೆ. ನೀವು ಆ ಖರ್ಚು ಮಾಡಿಕೊಳ್ಳಬೇಡಿ.

ಗೋಡೆಯ ತಲೆಯ ಮೇಲೆ ಕುಂಡ ಇಡುವುದಂತೂ ಬೇಡವೇ ಬೇಡ. 20 ಲೀಟರಿನ ಬಕೆಟ್ ಮಣ್ಣು ತುಂಬಿ ತೊಯ್ದರೆ 25 ಕಿಲೋ ದಾಟುತ್ತದೆ. ಮಂಗ ಬಂದು ತಳ್ಳಿದರೆ ಅದು ಆಚೆ ಮನೆಯ ಮಗುವಿನ ಮೇಲೆ ಬೀಳಬಹುದು. ಹಂಚಿನ ಮನೆಯವರು ಸೂರುನೀರು ಬೀಳುವ ಗೆರೆಯನ್ನೂ ನೋಡಿಕೊಳ್ಳಬೇಕು. ಆ ಗೆರೆಯ ಮೇಲಿಟ್ಟ ಕುಂಡದಲ್ಲಿ ಒಂದೇ ರಾತ್ರಿಗೆ ಗುಂಡಿ ಬಿದ್ದು ಬೇರು ಹೊರಗೆ ಕಾಣುತ್ತದೆ.

ಪಾತ್ರೆ

ಸೊಪ್ಪಿಗೆ ಎಂಟು ಇಂಚು ಆಳದ ಯಾವ ಟ್ರೇ ಆದರೂ ಸರಿ. ಬೆಂಡೆ, ಬದನೆ, ಮೆಣಸಿಗೆ 15ರಿಂದ 20 ಲೀಟರ್. ಹೀರೆ, ಹಾಗಲ, ಸೌತೆಗೆ 40 ಲೀಟರಾದರೂ ಬೇಕು. ನನ್ನ ಆಯ್ಕೆ ಗೋಡೆಗೆ ಹೊಡೆಯುವ ಬಣ್ಣ ಮುಗಿದ ಖಾಲಿ ಬಕೆಟ್. ಚೆನ್ನಾಗಿ ತಿಕ್ಕಿ ತೊಳೆದುಕೊಳ್ಳಿ. ಔಷಧಿ ತುಂಬಿದ್ದ ಡಬ್ಬಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ತರಕಾರಿಗೆ ಬೇಡ. ತೆಳ್ಳನೆಯ ಗ್ರೋಬ್ಯಾಗ್ ಕೊಳ್ಳಬೇಡಿ. ಒಂದು ಬೇಸಿಗೆಯ ಬಿಸಿಲಿಗೆ ಅದು ಹಪ್ಪಳವಾಗಿ, ಎತ್ತಿದರೆ ಕಿವಿ ಕಿತ್ತು ಕೈಗೆ ಬರುತ್ತದೆ. ಕೊಳ್ಳುವುದಾದರೆ ಬಟ್ಟೆಯಂತೆ ದಪ್ಪಗಿರುವುದನ್ನೇ ಕೊಳ್ಳಿ.

ತೂತು ಮಾತ್ರ ಅಂಗಡಿಯವರು ಕೊಟ್ಟಷ್ಟು ಸಾಲದು. 20 ಲೀಟರ್ ಬಕೆಟ್ಟಿಗೆ ಕಿರುಬೆರಳು ಹೋಗುವಷ್ಟು ಅಗಲದ ಎಂಟು ತೂತು ಬೇಕು: ತಳದಲ್ಲಿ ನಾಲ್ಕು, ತಳಕ್ಕೆ ತಾಗಿದಂತೆ ಪಕ್ಕದಲ್ಲಿ ನಾಲ್ಕು. ಪಕ್ಕದ ತೂತು ಏಕೆಂದರೆ, ತಳ ನೆಲಕ್ಕೆ ಅಂಟಿ ಅಲ್ಲಿನ ತೂತುಗಳು ಕಟ್ಟಿಕೊಂಡರೂ ಇವು ತೆರೆದಿರುತ್ತವೆ. ಡ್ರಿಲ್ ಇದ್ದರೆ ಅದರಲ್ಲೇ ಕೊರೆಯಿರಿ. ಕಾಯಿಸಿದ ಸರಳಿನಿಂದ ಚುಚ್ಚಿದರೆ ಪ್ಲಾಸ್ಟಿಕ್ಕಿನ ಹೊಗೆ ಮೂಗಿಗೆ ಹೊಡೆಯುತ್ತದೆ.

ಮಣ್ಣು ತುಂಬುವುದು: ಇಲ್ಲೇ ಎಲ್ಲರೂ ಎಡವುವುದು

ಕುಂಡದ ತಳಕ್ಕೆ ಮೂರು ಇಂಚು ಜಲ್ಲಿ ಹಾಕಿ, ಮೇಲೆ ಮಣ್ಣು ತುಂಬಿ ಎನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ನೀರು ಬಸಿಯಲಿ ಎಂದು ಹಾಗೆ ಮಾಡುತ್ತಾರೆ. ಆಗುವುದು ಅದರ ತದ್ವಿರುದ್ಧ. ಮಣ್ಣಿನ ಸಣ್ಣ ಸಣ್ಣ ಸಂದುಗಳು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಜಲ್ಲಿಯ ದೊಡ್ಡ ಸಂದಿಗೆ ಆ ನೀರನ್ನು ಕೆಳಗೆಳೆಯುವ ಶಕ್ತಿ ಇಲ್ಲ. ಮಣ್ಣಿನ ಕೊನೆಯ ಪದರ ಪೂರ್ತಿ ತುಂಬಿ ಇನ್ನು ಹಿಡಿಯಲಾಗದು ಎಂದಾಗಲೇ ನೀರು ಜಲ್ಲಿಗೆ ಇಳಿಯುವುದು. ಎಂದರೆ ತಳದಲ್ಲಿರಬೇಕಿದ್ದ ಕೆಸರಿನ ಪದರವನ್ನು ನಾವೇ ಮೂರು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರಿಸಿದ ಹಾಗಾಯಿತು.

ನಂಬಿಕೆ ಬಾರದಿದ್ದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಂಗೈ ಮೇಲಿಟ್ಟಂತೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವ ತನಕ ಕಾಯಿರಿ. ಈಗ ಹಿಂಡದೆ, ಒತ್ತದೆ, ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ನೀರೂ ಅದೇ, ಬದಲಾದದ್ದು ಎತ್ತರ ಒಂದೇ. ಕುಂಡದಲ್ಲೂ ಮಣ್ಣಿನ ಪದರ ಎತ್ತರವಿದ್ದಷ್ಟೂ ಮೇಲ್ಭಾಗ ಚೆನ್ನಾಗಿ ಬಸಿಯುತ್ತದೆ. ಆದ್ದರಿಂದ ಜಲ್ಲಿ ಬೇಡ. ತೂತಿನ ಮೇಲೆ ಒಂದೊಂದು ಮಡಕೆ ಚೂರು ಬೋರಲು ಹಾಕಿ, ಇಲ್ಲವೇ ಹಳೆಯ ಸೊಳ್ಳೆಪರದೆಯ ತುಂಡು ಹಾಸಿ. ಮಣ್ಣು ಜಾರದಿದ್ದರೆ ಸಾಕು.

ಇನ್ನು ಮಿಶ್ರಣ. ನನ್ನ ಅಳತೆ ಬುಟ್ಟಿಯ ಲೆಕ್ಕದ್ದು: ಎರಡು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಸುಟ್ಟ ಭತ್ತದ ಹೊಟ್ಟು.

ಕೆಮ್ಮಣ್ಣಿನಲ್ಲಿ ದೊಡ್ಡ ಕಲ್ಲು ಆರಿಸಿದರೆ ಸಾಕು. ಜೋಳದ ಕಾಳಿನಷ್ಟು ದಪ್ಪದ ಜಂಬಿಟ್ಟಿಗೆ ಹರಳು ಇರಲಿ, ಅದೇ ಮಣ್ಣನ್ನು ಸಡಿಲ ಇಡುವುದು. ಗದ್ದೆಯ ಅಂಟು ಮಣ್ಣು ತಂದರೆ ಕುಂಡದೊಳಗೆ ಇಟ್ಟಿಗೆ ಕೊಯ್ದ ಹಾಗಾಗುತ್ತದೆ. ಬದನೆ, ಟೊಮೆಟೊ ಸೊರಗಿ ಸತ್ತ ಜಾಗದ ಮಣ್ಣನ್ನು ಯಾರು ಪುಕ್ಕಟೆ ಕೊಟ್ಟರೂ ತರಬೇಡಿ.

ಗೊಬ್ಬರ ಕಳಿತಿದೆಯೇ ಎಂದು ಮೂಗು ಹೇಳುತ್ತದೆ. ಸೆಗಣಿ ವಾಸನೆ ಇದ್ದರೆ ಇನ್ನೂ ಆಗಿಲ್ಲ. ಮೊದಲ ಮಳೆ ಬಿದ್ದ ನೆಲದ ವಾಸನೆ ಬಂದರೆ ಆಯಿತು. ಹಸಿ ಗೊಬ್ಬರ ಕುಂಡದೊಳಗೆ ಕಾವು ಏರಿ ಬೇರು ಸುಡುತ್ತದೆ.

ಹೊಟ್ಟಿನ ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಅಕ್ಕಿ ಮಿಲ್ಲಿನ ಹಿಂದೆ ಸುಟ್ಟ ಹೊಟ್ಟಿನ ರಾಶಿ ಸಿಗುತ್ತದೆ. ಅದರಲ್ಲಿ ಬೆಳ್ಳಗೆ ಬೂದಿಯಾದದ್ದು ಬೇಡ, ಅದು ನೀರಿಗೆ ಕಲಸಿ ಸಂದು ಮುಚ್ಚುತ್ತದೆ. ಕಪ್ಪಗಾಗಿ, ಕಾಳಿನ ಸಿಪ್ಪೆಯ ಆಕಾರ ಹಾಗೇ ಉಳಿದು, ಬೆರಳ ನಡುವೆ ತಿಕ್ಕಿದರೆ ಕರಕರ ಎನ್ನುವುದು ಬೇಕು. ಸಿಗದಿದ್ದರೆ ಒಂದು ವರ್ಷ ಕೊಳೆತ ಅಡಿಕೆ ಸಿಪ್ಪೆಯನ್ನು ಕೊಚ್ಚಿ ಹಾಕಬಹುದು. ಹಸಿ ಸಿಪ್ಪೆ ಕೂಡದು.

ಕೋಕೋಪೀಟ್, ಎಂದರೆ ತೆಂಗಿನ ನಾರಿನ ಹುಡಿ, ಹಾಕಲೇ ಎಂದು ತುಂಬ ಜನ ಕೇಳುತ್ತಾರೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ವಸ್ತುವನ್ನು ಮಲೆನಾಡಿನ ಮಳೆಗಾಲದ ಕುಂಡಕ್ಕೆ ಹಾಕಬೇಡಿ. ಬೇಸಿಗೆ ಬೆಳೆಗೆ ಕಾಲು ಬುಟ್ಟಿ ಆಗಬಹುದು, ಅದೂ ಇಟ್ಟಿಗೆಯಂತೆ ಒತ್ತಿ ಮಾರುವ ಆ ಹುಡಿಯನ್ನು ನೆನೆಸಿ, ಮೂರು ಸಲ ನೀರು ಬಸಿದು ಉಪ್ಪು ಹೋದ ಮೇಲೆ. ಚೀಲದಲ್ಲಿ ಬರುವ ಸಿದ್ಧ ಮಿಶ್ರಣ ಕೊಳ್ಳುವ ಮುಂಚೆ ಒಂದು ಹಿಡಿ ಕೈಗೆ ಸುರಿಸಿಕೊಂಡು ನೋಡಿ. ನಾನು ಒಮ್ಮೆ ತಂದ ಚೀಲದಲ್ಲಿ ಅರ್ಧಕ್ಕರ್ಧ ಮರದ ಹುಡಿಯೇ ಇತ್ತು. ಆ ಹುಡಿ ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು, ಹರಿವೆ ಎರಡು ಎಲೆಗೆ ನಿಂತುಬಿಟ್ಟಿತು.

ನಮ್ಮ ಕೆಮ್ಮಣ್ಣಿಗೆ ಹುಳಿ ಗುಣ. ಬಕೆಟ್ಟಿಗೆ ಒಂದು ಚಿಕ್ಕ ಹಿಡಿ ಕೃಷಿ ಸುಣ್ಣವನ್ನು ನೆಡುವ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಿಡಿ. ಗೊಬ್ಬರವನ್ನು ಆಮೇಲೆ ಸೇರಿಸಿ, ಎರಡನ್ನೂ ಒಟ್ಟಿಗೆ ಕಲಸಬೇಡಿ.

ಕಲಸಿದ ಮೇಲೆ ಪರೀಕ್ಷೆ ಎರಡು. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆ ಕಟ್ಟಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಉದುರದೆ ತಗ್ಗು ಬಿದ್ದರೆ ಇನ್ನಷ್ಟು ಹೊಟ್ಟು ಸೇರಿಸಿ. ಆಮೇಲೆ ಕುಂಡ ತುಂಬಿ, ಅದುಮದೆ, ಎರಡು ಸಲ ನೆಲಕ್ಕೆ ಕುಟ್ಟಿ ಕೂರಿಸಿ, ಅಂಚಿಗೆ ಎರಡು ಇಂಚು ಬಿಟ್ಟು ನಿಲ್ಲಿಸಿ. ಒಮ್ಮೆ ಪೂರ್ತಿ ನೆನೆಸಿ. ಅರ್ಧ ಗಂಟೆ ಬಿಟ್ಟು ಮತ್ತೆ ಒಂದು ತಂಬಿಗೆ ನೀರು ಹೊಯ್ಯಿರಿ. ಮೇಲೆ ನಿಂತ ನೀರು ಅರ್ಧ ನಿಮಿಷದಲ್ಲಿ ಇಂಗಬೇಕು, ಒಂದೆರಡು ನಿಮಿಷದಲ್ಲಿ ತಳದ ತೂತು ತೊಟ್ಟಿಕ್ಕಬೇಕು. ಇಲ್ಲವಾದರೆ ಬೇಸರಪಡದೆ ಸುರಿದು ಮತ್ತೆ ಕಲಸಿ. ಮೇ ತಿಂಗಳಲ್ಲಿ ಒಂದು ಗಂಟೆಯ ಕೆಲಸ ಅದು. ಜುಲೈನಲ್ಲಿ ಗಿಡ ನಿಂತ ಮೇಲೆ ಏನೂ ಮಾಡಲು ಬರುವುದಿಲ್ಲ.

ಬಿತ್ತುವುದು

ಹೀರೆ, ಸೌತೆ, ಹಾಗಲ, ಬೆಂಡೆ ಬೀಜವನ್ನು ರೋಹಿಣಿ ಮಳೆಯ ಹೊತ್ತಿಗೆ, ಎಂದರೆ ಮೇ ಕೊನೆಗೆ ಹಾಕಿ. ಜಡಿಮಳೆ ಹಿಡಿಯುವ ಮುಂಚೆ ನಾಲ್ಕು ಎಲೆ ಬಂದಿದ್ದರೆ ಅವು ತಡೆದುಕೊಳ್ಳುತ್ತವೆ. ಜೂನ್ ಕೊನೆಯ ಆರಿದ್ರಾ ಮಳೆಯಲ್ಲಿ ಬಿತ್ತಿದ್ದು ಮೊಳೆಯುವ ಮುಂಚೆ ಕೊಳೆಯುತ್ತದೆ. ಬಸಳೆಗೆ ಬೀಜವೇ ಬೇಡ. ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಕಟ್ಟಿನಲ್ಲಿ ದಪ್ಪ ದಂಟು ನಾಲ್ಕು ಉಳಿಸಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ.

ಮಳೆಗಾಲದಲ್ಲಿ ಟೊಮೆಟೊ ಬೇಡ. ಆಗಸ್ಟ್ ಕೊನೆಗೆ ಸೂರಿನಡಿ ಸಸಿ ಮಾಡಿ, ನವರಾತ್ರಿ ಹೊತ್ತಿಗೆ ಕುಂಡಕ್ಕೆ ನೆಡಿ. ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಕೇಳಿ. ಎಲೆಮುದುಡು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್ ಅದು. ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ್ ಸೊರಗು ರೋಗಕ್ಕೆ ಜಗ್ಗುವುದಿಲ್ಲ.

ಹಸಿರಾಗಿದ್ದ ಗಿಡವೇ ಮಧ್ಯಾಹ್ನ ಜೋತುಬಿದ್ದರೆ ನೀರು ಸುರಿಯಲು ಓಡಬೇಡಿ. ಕಾಂಡವನ್ನು ಬುಡದ ಬಳಿ ಕತ್ತರಿಸಿ, ಕತ್ತರಿಸಿದ ತುದಿ ಗಾಜಿನ ಲೋಟದ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ನೂಲಿನ ಹಾಗೆ ಕೆಳಗಿಳಿದರೆ ಅದು ದುಂಡಾಣು ಸೊರಗು. ಆ ಗಿಡ, ಆ ಕುಂಡದ ಮಣ್ಣು ಎರಡನ್ನೂ ಹೊರಗೆ ಹಾಕಿ. ಬಕೆಟ್ಟನ್ನು ತೊಳೆದು ವಾರ ಬಿಸಿಲಿಗಿಡಿ.

ಬಳ್ಳಿ ಗೋಡೆ ಏರುವ ಮುಂಚೆ

ಚಪ್ಪರ ಕಟ್ಟುವ ಮೊದಲೇ ಆಚೆ ಮನೆಯವರನ್ನು ಕೇಳಿ. ಬಳ್ಳಿ ಹಬ್ಬಿದ ಮೇಲೆ ಕೇಳಿದರೆ ಅದು ಕೇಳಿದಂತಲ್ಲ. ನಮ್ಮಿಬ್ಬರ ಮನೆಯ ಒಪ್ಪಂದ ಸರಳ: ಆಚೆಗೆ ಇಳಿಬಿದ್ದ ಕಾಯಿ ಅವರದು, ಬಳ್ಳಿ ಕತ್ತರಿಸುವ ಹಕ್ಕೂ ಅವರದು. ಕಡಲೆ ಹಿಂಡಿ ಕೊಳೆಸಿದ ನೀರನ್ನು ಅವರ ಅಡುಗೆಮನೆ ಕಿಟಕಿಯ ಹತ್ತಿರ ಇಡಬೇಡಿ. ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಕಳಿತ ಗೊಬ್ಬರ, ಚಿಟಿಕೆ ಬೇವಿನ ಹಿಂಡಿ ಬುಡಕ್ಕೆ ಹಾಕಿದರೆ ಸಾಕು. ಮಳೆ ಸಾರವನ್ನೆಲ್ಲ ತೊಳೆದೊಯ್ಯುವುದರಿಂದ ಇದನ್ನು ಮಾತ್ರ ತಪ್ಪಿಸಬೇಡಿ.

ಬಸವನಹುಳುವಿಗೆ ಎರಡು ಮನೆಯ ನಡುವಿನ ಗೋಡೆಯೇ ಹೆದ್ದಾರಿ. ಒಬ್ಬರು ಹಿಡಿದರೆ ಪ್ರಯೋಜನವಿಲ್ಲ. ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಇಬ್ಬರೂ ತಮ್ಮ ತಮ್ಮ ಬದಿಯಲ್ಲಿ ಆರಿಸಿ ಉಪ್ಪುನೀರಿನ ಡಬ್ಬಿಗೆ ಹಾಕಬೇಕು, ಕೈಗೆ ಚೀಲ ಹಾಕಿಕೊಂಡು. ಸುತ್ತ ಸುಣ್ಣದ ಗೆರೆ ಎಳೆಯುವುದು ನಮ್ಮ ಮಳೆಯಲ್ಲಿ ಒಂದು ಗಂಟೆಯೂ ನಿಲ್ಲದು. ಹೀರೆ, ಹಾಗಲದ ಮಿಡಿ ಹೆಬ್ಬೆರಳಿನಷ್ಟಾದಾಗಲೇ ಹಳೆ ಬಟ್ಟೆಯ ಚೀಲ ಕಟ್ಟಿ, ಹಣ್ಣುನೊಣ ಮೊಟ್ಟೆ ಇಡುವುದು ತಪ್ಪುತ್ತದೆ. ಮಂಗಕ್ಕೆ ಬಲೆಯೊಂದೇ ದಾರಿ. ಅದನ್ನೂ ಇಬ್ಬರೂ ಸೇರಿ ಹಾಕಿಸಿದರೆ ಅರ್ಧ ಖರ್ಚು.

ಬೆಳೆ ಮುಗಿದ ಮಣ್ಣನ್ನು ಎಸೆಯಬೇಡಿ. ಫೆಬ್ರವರಿ ಬಿಸಿಲಿಗೆ ಅಡಿಕೆ ಒಣಗಿಸುವ ತಾಡಪಾಲಿನ ಮೇಲೆ ಹರಡಿ, ಬೇರು ಆರಿಸಿ, ಎರಡು ವಾರ ಒಣಗಿಸಿ. ಕಾಲುಭಾಗ ಹೊಸ ಗೊಬ್ಬರ, ಒಂದೆರಡು ಹಿಡಿ ಸುಟ್ಟ ಹೊಟ್ಟು ಸೇರಿಸಿ ಮತ್ತೆ ತುಂಬಿ. ಟೊಮೆಟೊ, ಬದನೆ, ಮೆಣಸು ಒಂದೇ ಕುಟುಂಬದವು, ಒಂದರ ಹಿಂದೆ ಒಂದು ಅದೇ ಮಣ್ಣಿಗೆ ಬೇಡ. ಆ ಕುಂಡಗಳಿಗೆ ನಾನು ಈ ಸಲ ಅಲಸಂದೆ ಹಾಕುತ್ತೇನೆ. ಮೇಷ್ಟ್ರ ಮನೆಯವರಿಗೆ ಎಳೆ ಅಲಸಂದೆ ಪಲ್ಯ ಇಷ್ಟ, ಬಳ್ಳಿಯ ತುದಿಯನ್ನು ಆಚೆಗೇ ತಿರುಗಿಸಲು ಅವರೇ ಹೇಳಿದ್ದಾರೆ.