ಮಂಡಿ ನೋವಿಗೆ ಟವೆಲ್ ಸುರುಳಿ

ಮಂಡಿ ಸವೆದವರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಇದೊಂದನ್ನು ಮಾಡಿ ನೋಡಿ. ಕಾಲು ಚಾಚಿ, ಸುತ್ತಿದ ಟವೆಲನ್ನು ಮಂಡಿಯ ಅಡಿಗೆ ಇಟ್ಟುಕೊಳ್ಳಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ ಹಿಡಿದು, 5 ಎಣಿಸಿ ಬಿಡಿ. ಒಂದೊಂದು ಕಾಲಿಗೆ 10 ಸಲ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಹಸಿ ತೆಂಗಿನಕಾಯಿಯಷ್ಟು ಗಟ್ಟಿಯಾಗಿದ್ದು ಗೊತ್ತಾಗಬೇಕು. ಉಸಿರು ಮಾತ್ರ ಹಿಡಿಯಬೇಡಿ. ಸವೆದ ಕೀಲು ಮತ್ತೆ ಹೊಸದಾಗುವುದಿಲ್ಲ, ಆದರೆ ತೊಡೆ ಗಟ್ಟಿಯಾದರೆ ಮಂಡಿಗೆ ಆಧಾರ ಸಿಗುತ್ತದೆ, ನೋವು ತಗ್ಗುತ್ತದೆ. ಎರಡೇ ದಿನಕ್ಕೆ ಬಿಟ್ಟುಬಿಡಬೇಡಿ, 6ರಿಂದ 8 ವಾರ ಬೇಕು. ನಮ್ಮ ಶಿರಸಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ಏಳುವುದೇ ಇಲ್ಲ ಅಲ್ವಾ? ಅರ್ಧ ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ಒಂದು ಸುತ್ತು ಹಾಕದಿದ್ದರೆ ಬೆಳಗಿನ ಟವೆಲ್ ಸುಮ್ನೆ ದಂಡ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಜಾಸ್ತಿಯೇ ಇದ್ದರೆ 10ನ್ನು 5ಕ್ಕೆ ಇಳಿಸಿ. ಮಂಡಿ ಊದಿ ಬಿಸಿಯಾಗಿದ್ದರೆ, ಇಲ್ಲವೇ ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಳ್ಳುತ್ತಿದ್ದರೆ ಇದು ಕೆಲಸಕ್ಕೆ ಬರುವುದಿಲ್ಲ, ಮೊದಲು ಡಾಕ್ಟರಿಗೆ ತೋರಿಸಿ.