ಗೊಂಬೆ ಹಬ್ಬಕ್ಕೆ ನಮ್ಮನೆ ಯಂತ್ರ ಪಾಳೆಗಾರ ಕೋಟೆ ಹತ್ತಿದ್ದು

ಈ ದಸರಾಗೆ ನಮ್ಮ ಪಾಳೆಗಾರ, ಅಂದರೆ ಹಳೇ ಸಾಮಾನಿನಿಂದ ನಾನು ಮಾಡಿದ, ಮೋಟಾರಿನಿಂದ ಬೆಟ್ಟ ಹತ್ತುವ ಗೊಂಬೆ, ಕೋಟೆ ಸೇರಿದ. ಮೂರು ವರ್ಷ ಹಿಡಿಯಿತು. "ಗೊಂಬೆ ಮನೇಲಿ ಗುಜರಿ ಯಾಕಮ್ಮಾ?" ಅಂತ ಅತ್ತೆ ಕೇಳಿದ್ದರು. "ಕೂರಿಸೋದು ಸರಿ, ಹತ್ತಿಸೋದೆಲ್ಲ ಆಗಲ್ಲ" ಅಂತ ಕುವೆಂಪುನಗರದ ಗೆಳತಿಯರು ಅಂದಿದ್ದರು. ಎಲ್ಲರೂ ಬಂದು ಕಣ್ಣಾರೆ ನೋಡಿ ಹೋದರು.

ಕಥೆ ನನ್ನದೇ. ಯಂತ್ರ ಪಾಳೆಗಾರನನ್ನು ಅವನ ದಂಡನಾಯಕನೇ ಓಡಿಸಿ, ಕೋಟೆಯಲ್ಲಿ ತಾನು ಕೂತಿದ್ದಾನೆ. ಐವತ್ತು ವರ್ಷ ಆದ ಮೇಲೆ ಇವನು ಊರಿಗೆ ಬರುತ್ತಾನೆ. ಐವತ್ತು ಅನ್ನೋದು ಮೈಸೂರಿನ ಲೆಕ್ಕ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. ಅದು ಅರಮನೆಗೆ ವಾಪಸ್ ಬಂದದ್ದು 1881ರಲ್ಲಿ, ಅವರ ದತ್ತುಪುತ್ರನ ಕಾಲಕ್ಕೆ. ಮುಮ್ಮಡಿಯವರು ಅದನ್ನು ನೋಡಲು ಇರಲಿಲ್ಲ. ನನ್ನ ಪಾಳೆಗಾರ ಮಾತ್ರ ನೋಡಲೇಬೇಕು ಅಂತ ನನಗೆ ಹಟ.

ಪಟ್ಟದ ಗೊಂಬೆಯ ಮೆಟ್ಟಿಲನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಗೊಂಬೆಗಳ ಪುಟ್ಟ ಉದ್ಯಾನ ಜೋಡಿಸುವ ಜಾಗದಲ್ಲೇ ಬೆಟ್ಟ ಎಬ್ಬಿಸಿದೆ. ಏಳೂವರೆ ಅಡಿ ಇಳಿಜಾರು, ಒಳಗೆ ಅವನು ಸಾಗಲು ಕರ್ಟನ್ ಟ್ರ್ಯಾಕ್. ಪಾಡ್ಯದಿಂದ ನವಮಿವರೆಗೆ ದಿನಕ್ಕೊಂದು ಹೆಜ್ಜೆ, ದಶಮಿಗೆ ಪಟ್ಟ.

ಮೊದಲ ವರ್ಷ ಆಟಿಕೆಯ ಹಳದಿ ಗೇರ್ ಮೋಟಾರು ಹಾಕಿದೆ. ಪಾಳೆಗಾರನ ಎದೆ ಅತ್ತೆಯ ತವರಿನ ಹಿತ್ತಾಳೆ ಕಾಫಿ ಫಿಲ್ಟರು, ತಲೆ ಹಳೇ ಟಾರ್ಚು. ಒಟ್ಟು ಒಂದೂವರೆ ಕೆಜಿ ಇರಬಹುದು. ಚೌತಿ ಸಂಜೆ ಕರೆಂಟ್ ಹೋಯಿತು. ಇವನು ಸರ್ರನೆ ಜಾರಿ ಚನ್ನಪಟ್ಟಣದ ಮದುವೆ ಸೆಟ್ಟಿನ ಮೇಲೆ ಬಿದ್ದ. ಓಲಗದವನ ಕೈ ಮುರಿಯಿತು. ನನಗೆ ಅಳುವೇ ಬಂತು.

ಎರಡನೇ ವರ್ಷ ಗುಜರಿಯಿಂದ ಕಾರಿನ ವೈಪರ್ ಮೋಟಾರು ತಂದೆ, ನಾನೂರು ರೂಪಾಯಿ. ಒಳಗೆ ವರ್ಮ್ ಗೇರ್ (ಸ್ಕ್ರೂ ಥರದ್ದು, ಗೊಂಬೆಯ ಭಾರಕ್ಕೆ ಹಿಂದಕ್ಕೆ ತಿರುಗಲ್ಲ) ಇರೋದರಿಂದ ಕರೆಂಟ್ ಹೋದರೂ ಇದ್ದಲ್ಲೇ ನಿಲ್ಲುತ್ತದೆ. ಆದರೆ ಅದನ್ನು ನಡೆಸಲು ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಮೋಟಾರಿಗೆ ಕರೆಂಟ್ ಕೊಡೋ ಡ್ರೈವರ್ ಅಂತ ಮೂರು ಸಾವಿರದ ಹತ್ತಿರ ಸುರಿದೆ. ಮೋಟಾರು ತಿರುಗಿದಾಗಲೆಲ್ಲ ಬೋರ್ಡು ರೀಸೆಟ್. ಮೋಟಾರಿನ ವಿದ್ಯುತ್ ಗಲಾಟೆ ಬೋರ್ಡಿಗೆ ತಟ್ಟದಿರಲಿ ಅಂತ ಕೆಪಾಸಿಟರ್ ಹಾಕಿದೆ, ವೈರು ದೂರ ಎಳೆದೆ. ಸ್ವಲ್ಪ ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ.

ಈ ವರ್ಷ ಬೋರ್ಡನ್ನೇ ಕಿತ್ತೆಸೆದೆ. ಕಾರಿನ ವೈಪರ್ ಯಾವಾಗ ಆಫ್ ಮಾಡಿದರೂ ಗಾಜಿನ ಕೆಳಕ್ಕೇ ಬಂದು ನಿಲ್ಲುತ್ತದೆ, ಅಲ್ವಾ? ಮೋಟಾರಿನೊಳಗಿನ ಪಾರ್ಕಿಂಗ್ ಸ್ವಿಚ್ಚಿನ ಕೆಲಸ ಅದು. ಗುಂಡಿ ಒತ್ತಿ ಬಿಟ್ಟರೆ ಸರಿಯಾಗಿ ಒಂದೇ ಸುತ್ತು! ಅವನನ್ನು ಎಳೆಯೋ ಹಗ್ಗ ಸುತ್ತಿಕೊಳ್ಳಲು ಎಂಟು ಸೆಂಟಿಮೀಟರ್ ವ್ಯಾಸದ ರಾಟೆ ಕೂರಿಸಿದೆ, ಒಂದು ಸುತ್ತಿಗೆ ಸುಮಾರು 25 ಸೆಂಟಿಮೀಟರ್ ಹತ್ತುತ್ತಾನೆ. 12 ವೋಲ್ಟ್ ಕೊಟ್ಟರೆ ಎಗರುತ್ತಿದ್ದ. ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಕೊಟ್ಟೆ. ಆಗ ನಡಿಗೆಗೆ ಗತ್ತು ಬಂತು.

ಟ್ರಯಲ್‌ನಲ್ಲಿ ಇನ್ನೊಂದು ತೊಂದರೆ. ಎಂಟನೇ ಸುತ್ತಿಗೇ ಕೋಟೆ ಬಾಗಿಲಿಗೆ ಗುದ್ದಿದ. ಮೂರು ಮಿಲಿಮೀಟರ್ ನೈಲಾನ್ ಹಗ್ಗ ಒಂದರ ಮೇಲೊಂದು ಸುತ್ತಿಕೊಂಡು ರಾಟೆಯೇ ದಪ್ಪ ಆಗುತ್ತಿತ್ತು. ರಾಟೆ ಅಗಲ ಮಾಡಿಸಿ, ಗಾಳದ ಹೆಣೆದ ದಾರ ಹಾಕಿದೆ. ಪಕ್ಕಪಕ್ಕಕ್ಕೆ ಸುತ್ತಿಕೊಂಡಿತು, ಲೆಕ್ಕ ಸರಿಹೋಯಿತು.

ಬೆಟ್ಟದ ಹಸಿರಿಗೆ ರಾಗಿಯನ್ನು ನೇರ ಪ್ಲೈವುಡ್ ಮೇಲೆ ಚೆಲ್ಲಬೇಡಿ. ನೀರು ಕುಡಿದು ಹಲಗೆ ಬಾಗುತ್ತದೆ. ತಟ್ಟೆಯಲ್ಲಿ ಮೊಳಕೆ ಬರಿಸಿ ಜೋಡಿಸಿ. ಮೆಂತ್ಯವನ್ನೂ ಹಾಕಿ ನೋಡಿದೆ, ನನಗೆ ರಾಗಿಯೇ ಹಿಡಿಸಿತು.

ಈ ವರ್ಷ ಖರ್ಚು ಸಾವಿರದೈನೂರರ ಒಳಗೆ. ಹಿಂದಿನದೂ ಸೇರಿಸಿದರೆ ಏಳು ಸಾವಿರ ದಾಟಿರಬೇಕು.

ಆಯುಧಪೂಜೆ ದಿನ ಅತ್ತೆ ತಾವಾಗಿಯೇ ಮೋಟಾರಿಗೆ ಕುಂಕುಮ ಇಟ್ಟರು. ದಶಮಿ ಸಂಜೆ ಬಾಗಿಲು ತೆರೆದು, ದಂಡನಾಯಕ ಎದ್ದು ತಲೆಬಾಗಿ ಪಕ್ಕಕ್ಕೆ ಸರಿದ. ಅದು ಒಂದೇ ದಾರದಲ್ಲಿ ಹೇಗಾಯಿತು ಅಂತ ಎಲ್ಲರೂ ಕೇಳುತ್ತಾರೆ. ಮುಂದಿನ ವರ್ಷಕ್ಕೂ ಅದೇ ಬೇಕು, ಈಗ ಹೇಳಲ್ಲ.

ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಪಾಳೆಗಾರನಿಗೆ ಕೈ ಹಾಕಿದಾಗ ಅತ್ತೆ ತಡೆದರು. "ಇರಲಿ ಬಿಡು. ಈಗಿನ್ನೂ ಬಂದಿದಾನೆ, ಒಂದೆರಡು ದಿನ ಕೂತಿರಲಿ."